ಟೈಪಿಸ್ಟಕ್ಕ ಅರ್ಜಿ ಹಾಕಿದ ಮೂರು ವರ್ಷ

ಕೋರ್ಟಿನ ಹಿಂಭಾಗದಲ್ಲಿ, ಮಹಡಿಗೆ ಹೋಗುವ ಮೆಟ್ಟಿಲ ಕೆಳಗೆ, ಒಬ್ಬರು ಕೂತರೆ ಇನ್ನೊಬ್ಬರು ನಿಂತೇ ಇರಬೇಕಾದಷ್ಟು ಜಾಗದಲ್ಲಿ ಅವಳು ಹನ್ನೆರಡು ವರ್ಷ ಟೈಪ್ ಮಾಡಿದಳು. ವಕೀಲರು ಗೀಚಿಕೊಟ್ಟ ಅಫಿಡವಿಟ್ಟು, ಬಾಡಿಗೆ ಕರಾರು, ವಿಚ್ಛೇದನದ ಅರ್ಜಿ, ಅಣ್ಣತಮ್ಮಂದಿರ ಗೋಡೆ ಜಗಳ, ಎಲ್ಲವೂ ಅವಳ ಬೆರಳ ಕೆಳಗೆ ಹಾದುಹೋಗಿದ್ದವು. ಇಡೀ ಕೋರ್ಟಿಗೆ ಅವಳು ಟೈಪಿಸ್ಟಕ್ಕ. ತಲೆ ನರೆತ ವಕೀಲರಿಂದಲೂ ಇಪ್ಪತ್ತರ ವಯಸ್ಸಿನಲ್ಲೇ ಅಕ್ಕ ಎನ್ನಿಸಿಕೊಂಡವಳು.

ಸುಮ್ಮನೆ ಕೊಟ್ಟಿದ್ದನ್ನು ಕುಟ್ಟಿ ಕೊಡುವ ಜಾಯಮಾನ ಅವಳದಲ್ಲ. ಓದುತ್ತಿದ್ದಳು. ಒಮ್ಮೆ ಒಬ್ಬ ಹಿರಿಯ ವಕೀಲರನ್ನು ಕರೆದು, "ಸಾರ್, ಎರಡನೇ ಪುಟದಲ್ಲಿ ಈತ ಬಾಡಿಗೆದಾರ. ನಾಲ್ಕನೇ ಪುಟಕ್ಕೆ ಬರೋಷ್ಟರಲ್ಲಿ ಮಾಲೀಕ ಆಗ್ಬಿಟ್ಟಿದಾನೆ," ಎಂದಳು.

"ಎರಡೇ ಪುಟದಲ್ಲಿ ಮನೆ ಮಾಡ್ಕೊಂಡ್ನಾ? ಪುಣ್ಯವಂತ!" ಎಂದು ನಕ್ಕ ಅವರು ಹಾಳೆ ತಿದ್ದುತ್ತಾ, "ಹೇಗೂ ನಮ್ಮ ತಪ್ಪೆಲ್ಲ ನೀನೇ ಹುಡುಕ್ತೀಯ. ನೀನೇ ಲಾ ಓದಿಬಿಡಮ್ಮ," ಎಂದರು.

ಅವರು ಹೇಳಿದ್ದು ತಮಾಷೆಗೆ. ಅವಳು ಮಾತ್ರ ಮರುವಾರವೇ ಸಂಜೆ ಕಾಲೇಜಿಗೆ ಹೋಗಿ ಹೆಸರು ಬರೆಸಿ ಬಂದಳು. ಐದು ವರ್ಷ ಹಲ್ಲು ಕಚ್ಚಿ ಓದಿದಳು. ಬೆಳಗಿನಿಂದ ಟೈಪು, ಸಂಜೆ ಕ್ಲಾಸು, ಬಸ್ಸಿನಲ್ಲಿ ನಿಂತುಕೊಂಡೇ ನೋಟ್ಸು. ತರಗತಿಗೆ ಎರಡನೆಯವಳಾಗಿ ಪಾಸಾದಾಗ ಅವಳಿಗೆ ಮೂವತ್ತೊಂದು. ಮನೆಯಲ್ಲಿದ್ದವರು ಅಣ್ಣ, ಅತ್ತಿಗೆ, ಅವರ ಮಗಳು. ಅಣ್ಣ ಲಿಫ್ಟ್ ರಿಪೇರಿ ಮಾಡುವವನು, ಮಾತು ಕಡಿಮೆ. ಅತ್ತಿಗೆಗೆ ಔಷಧಿ ಅಂಗಡಿಯಲ್ಲಿ ಕೆಲಸ. ಗಂಡ ಉಳಿಸಿದ ಮಾತನ್ನೆಲ್ಲ ಅವಳೇ ಖರ್ಚು ಮಾಡುತ್ತಿದ್ದಳು. ಅವತ್ತು ಬೀದಿಯಲ್ಲಿ ಸಿಕ್ಕವರಿಗೆಲ್ಲ "ನಮ್ಮ ನಾದಿನಿ ಲಾಯರ್ರು" ಎಂದು ಹೇಳಿಕೊಂಡು ಬಂದಳು.

ಆದರೆ ಲಾಯರಾಗಲು ಇನ್ನೊಂದು ಬಾಗಿಲು ದಾಟಬೇಕಿತ್ತು. ಮಾನ್ಯತೆ ಇರುವ ವಕೀಲರ ಸಂಸ್ಥೆಯೊಂದರಲ್ಲಿ ಎರಡು ವರ್ಷ ಟ್ರೇನಿಯಾಗಿ ಇದ್ದರೆ ಮಾತ್ರ ವಕೀಲಿ ಮಾಡುವ ಸನ್ನದು. ಆ ಟ್ರೇನಿ ಸೀಟು ಪಾಸಾದ ಮೂರು ವರ್ಷದೊಳಗೆ ಸಿಗಬೇಕು. ಇಲ್ಲದಿದ್ದರೆ ಕೊನೆಯ ವರ್ಷದ ತರಗತಿಗೆ ಮತ್ತೆ ಕೂತು ಪರೀಕ್ಷೆಗಳನ್ನೆಲ್ಲ ಬರೆಯಬೇಕು. ಮೂರು ವರ್ಷ ಅಂದರೆ ಬೇಕಾದಷ್ಟಾಯಿತು ಎಂದುಕೊಂಡಿದ್ದಳು. ಸಂಸ್ಥೆಗಳು ಅರ್ಜಿ ಕರೆಯುವುದು ವರ್ಷಕ್ಕೊಂದೇ ಸಲ ಎಂಬುದು ಆಮೇಲೆ ಗೊತ್ತಾಯಿತು. ಹಾಗೆ ಲೆಕ್ಕ ಹಾಕಿದರೆ ಅವಳಿಗಿದ್ದದ್ದು ಮೂರೇ ಅವಕಾಶ.

ಮೊದಲ ವರ್ಷ ಇಪ್ಪತ್ತಾರು ಕಡೆ ಅರ್ಜಿ ಹಾಕಿದಳು. ಬೇರೆಯವರ ಅರ್ಜಿ ಸಾವಿರಗಟ್ಟಲೆ ಬರೆದ ಕೈ, ತನ್ನದು ಬರೆಯುವಾಗ ತಡವರಿಸಿತು. 'ನಮ್ಮ ಸಂಸ್ಥೆಯನ್ನೇ ಏಕೆ ಆಯ್ಕೆ ಮಾಡಿಕೊಂಡಿರಿ?' ಎಂಬ ಪ್ರಶ್ನೆಗೆ, 'ನನಗೆ ತರಬೇತಿ ಬೇಕು, ನಿಮ್ಮಲ್ಲಿ ಜಾಗ ಇದೆ' ಎಂದು ಬರೆದಳು. ಪಕ್ಕದಲ್ಲಿ ಕೂತು ನೋಡುತ್ತಿದ್ದ ಅಣ್ಣನ ಮಗಳು ಹಣೆ ಚಚ್ಚಿಕೊಂಡಳು.

"ಅಯ್ಯೋ ಅತ್ತೆ, ಹೀಗೆಲ್ಲ ಬರೀಬಾರ್ದು. ಚಿಕ್ಕ ವಯಸ್ಸಿಂದ ನಿಮ್ಮ ಸಂಸ್ಥೆ ಕಂಡ್ರೆ ನಂಗೆ ಪ್ರಾಣ ಅಂತ ಬರೀಬೇಕು."

"ಮೊನ್ನೆವರೆಗೂ ಇವರ ಹೆಸರೇ ಕೇಳಿರ್ಲಿಲ್ವಲ್ಲೇ."

"ಅವರಿಗೇನು ಗೊತ್ತು?"

ಕೊನೆಗೆ ಇಬ್ಬರೂ ಸೇರಿ ಇಪ್ಪತ್ತಾರು ಸಂಸ್ಥೆಗಳ ಮೇಲೆ ಇಪ್ಪತ್ತಾರು ಬಗೆಯ ಪ್ರೀತಿ ಹುಟ್ಟಿಸಿದರು. ಅನುಭವ ಎಂಬ ಜಾಗದಲ್ಲಿ ಕಂಪ್ಯೂಟರು ತಾನೇ ಒಂದು ಪಟ್ಟಿ ತೋರಿಸಿ, ಇದರಲ್ಲಿ ಒಂದನ್ನು ಒತ್ತು ಎನ್ನುತ್ತಿತ್ತು. ಸಂಶೋಧನಾ ಸಹಾಯಕಿ ಇತ್ತು, ಬೇಸಿಗೆ ರಜೆಯ ತರಬೇತಿ ಇತ್ತು, ವಿದೇಶದಲ್ಲಿ ವ್ಯಾಸಂಗ ಇತ್ತು. ಟೈಪಿಸ್ಟ್ ಇರಲಿಲ್ಲ. ಹನ್ನೆರಡು ವರ್ಷವನ್ನು 'ಇತರೆ' ಎಂಬ ಪದದಲ್ಲಿ ಇಟ್ಟು ಮುಂದೆ ಹೋದಳು.

ಇಪ್ಪತ್ತಮೂರು ಕಡೆಯಿಂದ ಸದ್ದೇ ಇಲ್ಲ. ಮೂರು ಕಡೆಯಿಂದ ಉತ್ತರ ಬಂತು. ಮೂರೂ 'ನಿಮ್ಮ ಆಸಕ್ತಿಗೆ ಧನ್ಯವಾದಗಳು' ಎಂದೇ ಶುರುವಾಗಿದ್ದವು. ಹಾಗೆ ಶುರುವಾದ ಪತ್ರದ ಎರಡನೇ ಸಾಲಿನಲ್ಲಿ ಏನಿರುತ್ತದೆ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಎರಡನೇ ವರ್ಷ ಒಂದು ಸಂಸ್ಥೆ ಅವಳನ್ನು ಸಂದರ್ಶನಕ್ಕೆ ಕರೆಯಿತು, ಆದರೆ ಮನುಷ್ಯರ ಮುಂದಲ್ಲ. ಕಂಪ್ಯೂಟರಿನ ಪರದೆ ಮೇಲೆ ಪ್ರಶ್ನೆ ಬರುತ್ತದೆ, ಕೆಳಗೆ ತೊಂಬತ್ತು ಸೆಕೆಂಡು ಇಳಿಯುತ್ತಾ ಹೋಗುತ್ತದೆ, ಅಷ್ಟರಲ್ಲಿ ತನ್ನ ಮುಖವನ್ನೇ ನೋಡಿಕೊಂಡು ಉತ್ತರ ಹೇಳಬೇಕು. ಅತ್ತಿಗೆ ಇಸ್ತ್ರಿ ಮಾಡಿಕೊಟ್ಟ ಅಂಗಿ ತೊಟ್ಟು ಮಂಚದ ಅಂಚಿಗೆ ಕೂತು, ಯಾರೂ ಇಲ್ಲದ ಆ ಪರದೆಗೆ ಅವಳು "ನಮಸ್ಕಾರ ಸಾರ್" ಎಂದಳು. ಬಾಗಿಲ ಆಚೆ ಅಣ್ಣನ ಮಗಳು ಬಾಯಿಗೆ ಬಟ್ಟೆ ತುರುಕಿಕೊಂಡು ನಗು ತಡೆದಳು. 'ನೀವು ಸೋತ ಒಂದು ಸಂದರ್ಭ ಹೇಳಿ' ಎಂಬ ಪ್ರಶ್ನೆಗೆ ಕಳೆದ ವರ್ಷದ ಇಪ್ಪತ್ತಾರು ಅರ್ಜಿಗಳ ಕತೆ ಹೇಳಲು ಶುರುಮಾಡಿದಳು. ಹನ್ನೆರಡನೆಯದಕ್ಕೆ ಬರುವಷ್ಟರಲ್ಲಿ ಸಮಯ ಮುಗಿಯಿತು.

ಏನು ಮೆಚ್ಚಿಕೊಂಡಿತೋ ಆ ಯಂತ್ರ, ಪಾಸು ಮಾಡಿತು. ಒಂಬತ್ತನೇ ಮಹಡಿಯ ಕಚೇರಿಗೆ ಖುದ್ದಾಗಿ ಬರುವಂತೆ ಪತ್ರ ಬಂದಾಗ ಅತ್ತಿಗೆ ಅದನ್ನು ಮೂರು ಸಲ ಗಟ್ಟಿಯಾಗಿ ಓದಿಸಿ ಕೇಳಿದಳು.

ಅಲ್ಲಿ ಹತ್ತು ಜನ ಇದ್ದರು. ಎಲ್ಲರಿಗೂ ಅವಳಿಗಿಂತ ಎಂಟು ಹತ್ತು ವರ್ಷ ಕಡಿಮೆ. ಕಾಯುವ ಕೋಣೆಯಲ್ಲಿ ಒಬ್ಬ ಹುಡುಗಿ ಎದ್ದು ಬಂದು, "ಮೇಡಂ, ನಮ್ಮನ್ನ ಯಾವಾಗ ಕರೀತೀರಾ?" ಎಂದು ಅವಳನ್ನೇ ಕೇಳಿದಳು. "ನನ್ನೂ ಇನ್ನೂ ಕರೆದಿಲ್ಲಮ್ಮ," ಎಂದಳು ಇವಳು. ಮೊದಲಿಗೆ ಹದಿನಾಲ್ಕು ಪುಟದ ಒಂದು ಕರಾರು ಕೊಟ್ಟು, ತಪ್ಪು ಹುಡುಕಿ ಎಂದರು. ಆ ಅರ್ಧ ಗಂಟೆ ಅವಳ ಆ ಮೂರು ವರ್ಷದಲ್ಲೇ ಸುಖದ ಹೊತ್ತು. ಕರಾರು ಮುಗಿಯುವ ದಿನಾಂಕ ಶುರುವಾಗುವುದಕ್ಕಿಂತ ಮೊದಲಿತ್ತು. ಹನ್ನೊಂದನೇ ಷರತ್ತಿನಂತೆ ಎಂದಿದ್ದ ಕಡೆ ಹನ್ನೊಂದನೇ ಷರತ್ತೇ ಇರಲಿಲ್ಲ. ಹದಿನೇಳು ತಪ್ಪು ಬರೆದುಕೊಟ್ಟಳು. ಪರೀಕ್ಷೆ ಮಾಡುವವರು ಬೇಕೆಂದೇ ಇಟ್ಟಿದ್ದು ಹನ್ನೆರಡು.

ಮಧ್ಯಾಹ್ನದ ಸಂದರ್ಶನಕ್ಕೆ ಒಳಗೆ ಹೋದಾಗ ಮೇಜಿನ ಹಿಂದೆ ಮೂವರು. ನಡುವಿನ ದಪ್ಪ ಕನ್ನಡಕದವರು ಸಂಸ್ಥೆಯ ಹಿರಿಯ ಪಾಲುದಾರರು. ಅವಳನ್ನು ನೋಡುತ್ತಲೇ ಅವರ ಮುಖ ಅರಳಿತು.

"ಅರೇ! ಟೈಪಿಸ್ಟಕ್ಕ!"

ಎಷ್ಟೋ ವರ್ಷದ ಹಿಂದೆ, ಈ ಸಂಸ್ಥೆ ಸೇರುವ ಮೊದಲು, ಅವರೂ ಅವಳ ಮೆಟ್ಟಿಲ ಕೆಳಗೆ ಬಂದು ನಿಂತವರೇ. ಪಕ್ಕದ ಇಬ್ಬರ ಕಡೆ ತಿರುಗಿ ಉತ್ಸಾಹದಿಂದ ಹೇಳತೊಡಗಿದರು: "ಇವರು ಒಂದಿನ ನನ್ನ ಮಾನ ಕಾಪಾಡಿದಾರೆ. ತಪ್ಪು ತಾರೀಕು ಹಾಕಿ ಅಪೀಲು ಕೊಡೋದ್ರಲ್ಲಿದ್ದೆ. ಇವರ ಕಣ್ಣು ತಪ್ಪಿಸಿ ಒಂದು ಅಲ್ಪವಿರಾಮ ಕೂಡ ಹೋಗಲ್ಲ." ಎಲ್ಲರೂ ನಕ್ಕರು. ಅವಳಿಗೂ ಎದೆ ತುಂಬಿ ಬಂತು. ಗೆದ್ದೆ ಎಂದುಕೊಂಡಳು.

ಮೂರು ವಾರದಿಂದ ಆ ಸಂಸ್ಥೆ ನಡೆಸಿದ ದೊಡ್ಡ ಕೇಸುಗಳನ್ನೆಲ್ಲ ಓದಿ ಅರೆದು ಕುಡಿದಿದ್ದಳು. ಅದರ ಬಗ್ಗೆ ಒಬ್ಬರೂ ಕೇಳಲಿಲ್ಲ. ಎಡಗಡೆ ಕೂತಿದ್ದವರು ನಗುತ್ತಾ, "ನಿಮಿಷಕ್ಕೆ ಎಷ್ಟು ಪದ ಟೈಪ್ ಮಾಡ್ತೀರಿ?" ಎಂದರು. ಹೇಳಿದಳು. "ಅಬ್ಬಾ!" ಎಂದರು. ಹೊರಗೆ ಬಂದು ಲಿಫ್ಟಿಗೆ ಕಾಯುವಾಗ ಆ ಪ್ರಶ್ನೆ ಮತ್ತೆ ಕಿವಿಯಲ್ಲಿ ಕೇಳಿಸಿತು.

ನಾಲ್ಕನೇ ದಿನ ಕನ್ನಡಕದವರೇ ಫೋನು ಮಾಡಿದರು. "ಟ್ರೇನಿ ಸೀಟು ಇದ್ದಿದ್ದು ಮೂರೇ ಅಕ್ಕ. ಹುಡುಗರಿಗೆ ಹೋಯ್ತು. ಆದ್ರೆ ನಿಮ್ಮನ್ನ ಬಿಡೋಕೆ ನಂಗೆ ಮನಸಿಲ್ಲ. ಹಟ ಹಿಡಿದು ಹಿರಿಯ ಟೈಪಿಸ್ಟ್ ಕೆಲಸ ಮಂಜೂರು ಮಾಡಿಸಿದೀನಿ. ಮೊದಲು ಒಳಗೆ ಬನ್ನಿ. ಮುಂದಿನ ವರ್ಷ ಒಳಗಿಂದಾನೇ ಅರ್ಜಿ ಹಾಕಿದ್ರಾಯ್ತು."

ಮೆಟ್ಟಿಲ ಕೆಳಗಿಂದ ಒಂಬತ್ತನೇ ಮಹಡಿ, ಕಣ್ಣು ಮುಚ್ಚಿಕೊಂಡು ಹೋಗು ಎಂದಳು ಅತ್ತಿಗೆ. ಅಣ್ಣ ಬೂಟಿನ ದಾರ ಬಿಚ್ಚುತ್ತಾ, "ಕರೆದಿರೋದು ಟ್ರೇನಿ ಅಂತ ಅಲ್ವಲ್ಲ," ಎಂದಷ್ಟೇ ಹೇಳಿದ. ಅವಳಿಗೆ ಆ ಮಾತು ಸಿಟ್ಟು ತರಿಸಿತು. ಕೆಲಸಕ್ಕೆ ಸೇರಿದಳು.

ಆ ವರ್ಷ ಅವಳು ದುಡಿದ ಹಾಗೆ ಆ ಕಚೇರಿಯಲ್ಲಿ ಯಾರೂ ದುಡಿಯಲಿಲ್ಲ. ಎಲ್ಲರೂ ಹೊಗಳಿದರು. ಮೂರನೇ ಸಲ ಅರ್ಜಿ ಕರೆದ ದಿನ ಬೆಳಗ್ಗೆ ಮೊದಲಿಗೆ ಅವಳೇ ಸಿಬ್ಬಂದಿ ವಿಭಾಗಕ್ಕೆ ಹೋದಳು. ಅಲ್ಲಿನ ಮೇಡಂ ಫೈಲು ತೆರೆದು ನೋಡಿ, ತುಂಬ ಸಂಕೋಚದಿಂದ, "ಸಿಬ್ಬಂದಿ ಅರ್ಜಿ ಹಾಕ್ಬೇಕಾದ್ರೆ ಇಲ್ಲಿ ಒಂದೂವರೆ ವರ್ಷ ಸರ್ವಿಸ್ ಆಗಿರ್ಬೇಕು. ನಿಮ್ದು ಹನ್ನೊಂದು ತಿಂಗ್ಳು," ಎಂದರು.

"ಹೊರಗಿನವಳು ಅಂತ ಹಾಕ್ತೀನಿ ಮೇಡಂ."

"ನೀವೀಗ ಹೊರಗಿನವರಲ್ವಲ್ಲ."

ಕೆಲಸ ಬಿಟ್ಟು ಹಾಕಿದರೆ ಎಂದು ಕೇಳಿದಳು. ಬಿಟ್ಟವರು ಒಂದು ವರ್ಷ ಇಲ್ಲಿಗೆ ಅರ್ಜಿ ಹಾಕುವ ಹಾಗಿಲ್ಲ ಎಂದೂ ಒಂದು ನಿಯಮವಿತ್ತು. ಕನ್ನಡಕದವರ ಬಳಿ ಓಡಿದಳು. ಅವರಿಗೆ ನಿಜಕ್ಕೂ ಗೊತ್ತಿರಲಿಲ್ಲ. ಮುಖ ಕಪ್ಪಿಟ್ಟಿತು. ತಾವೇ ಹೋಗಿ ಮಾತಾಡಿದರು, ಎರಡು ದಿನ ಓಡಾಡಿದರು, ಆಮೇಲೆ ಅವಳ ಮೇಜಿನ ಹತ್ತಿರ ಬಂದು ತಲೆ ಅಲ್ಲಾಡಿಸಿದರು. "ಒಳ್ಳೇದಾಗ್ಲಿ ಅಂತಾನೇ ಮಾಡಿದ್ದು ಅಕ್ಕ."

"ಗೊತ್ತು ಸಾರ್," ಎಂದಳು.

ಬೇರೆ ಸಂಸ್ಥೆಗಳಿಗೆ ಹಾಕಿದಳು. ಈ ಸಲ ಅರ್ಜಿಯಲ್ಲಿ 'ಈಗಿನ ಉದ್ಯೋಗ: ಟೈಪಿಸ್ಟ್' ಎಂದು ಸ್ಪಷ್ಟವಾಗಿ ಬರೆಯಬೇಕಾಯಿತು. ಒಂದು ಕಡೆಯೂ ಕರೆಯಲಿಲ್ಲ. ಮೂರು ವರ್ಷದ ಗಡುವು ಒಂದು ಮಂಗಳವಾರ ಮುಗಿಯಿತು. ಮತ್ತೆ ಪರೀಕ್ಷೆ ಬರೆಯೋಣವೆಂದು ಕಾಲೇಜಿಗೆ ಹೋದರೆ, ಸಂಜೆ ತರಗತಿಗಳನ್ನು ಮುಚ್ಚಿ ವರ್ಷವಾಗಿತ್ತು. ಹಗಲು ಓದುವುದಾದರೆ ಬನ್ನಿ ಎಂದರು.

ಅವತ್ತು ಸಂಜೆ ಅತ್ತಿಗೆ ಕೆಂಡಾಮಂಡಲವಾದಳು. "ಸುಮ್ನೆ ಬಂದ್ಯಾ? ಯಾರನ್ನಾದ್ರೂ ಹಿಡಿದು ನಿಲ್ಲಿಸಿ ಕೇಳ್ಬೇಕಿತ್ತು ನೀನು!"

"ಯಾರನ್ನ ಕೇಳ್ಲಿ ಅತ್ತಿಗೆ? ಎಲ್ಲರೂ ಒಳ್ಳೆಯವರೇ."

'ಅವತ್ತೇ ಹೇಳಿದ್ದೆ' ಅಂತ ಅಣ್ಣ ಎಂದಾದರೂ ಅಂದೇ ಅನ್ನುತ್ತಾನೆ ಎಂದು ಅವಳು ವಾರಗಟ್ಟಲೆ ಹೆದರಿದ್ದಳು. ಅವನು ಅನ್ನಲೇ ಇಲ್ಲ. ಅಂದಿದ್ದರೆ ಅಳಬಹುದಿತ್ತು.

ಈಗಲೂ ಅವಳು ಒಂಬತ್ತನೇ ಮಹಡಿಯಲ್ಲೇ ಇದ್ದಾಳೆ. ಹೊಸ ಟ್ರೇನಿಗಳು ತಾವು ಬರೆದದ್ದನ್ನು ಸಾಹೇಬರಿಗೆ ಕೊಡುವ ಮೊದಲು ಅವಳಿಗೆ ತೋರಿಸುತ್ತಾರೆ. ಮೊನ್ನೆ ಒಬ್ಬ ಹುಡುಗಿ, ಅವಳು ಕೆಂಪು ಗೆರೆ ಎಳೆಯುವುದನ್ನೇ ನೋಡುತ್ತಾ ನಿಂತವಳು, ಮೆಚ್ಚುಗೆಯಿಂದ ಕೇಳಿದಳು: "ಅಕ್ಕಾ, ಇಷ್ಟೆಲ್ಲ ಗೊತ್ತಿದೆ ನಿಮಗೆ. ನೀವ್ಯಾಕೆ ಲಾ ಓದ್ಲಿಲ್ಲ?"

"ಓದಿದೀನಮ್ಮ."

ಹುಡುಗಿ ತಮಾಷೆಯೆಂದುಕೊಂಡು ನಕ್ಕಳು. ಇವಳು ತಲೆ ಎತ್ತದೆ ಮುಂದಿನ ಪುಟ ತಿರುಗಿಸಿದಾಗ ನಗು ನಿಂತಿತು. "ಸಾರಿ ಅಕ್ಕ," ಎಂದು ಹಾಳೆಗಳನ್ನು ಎತ್ತಿಕೊಂಡು ಹೋದಳು. ಎರಡು ದಿನ ಈ ಕಡೆ ಸುಳಿಯಲಿಲ್ಲ. ಮೂರನೇ ದಿನ ಬಂದಳು. ಅಪೀಲೊಂದನ್ನು ಮಧ್ಯಾಹ್ನದೊಳಗೆ ಕೊಡಬೇಕಿತ್ತು, ಟೈಪಿಸ್ಟಕ್ಕನಿಗೊಮ್ಮೆ ಅದನ್ನು ತೋರಿಸಬೇಕಿತ್ತು.