ಸಿಳ್ಳೆ ಕತ್ತರಿಸಿದ ಹಾಡು

ಸಿ.ಡಿ. ಅಂಗಡಿಯವನು ಅವರಿಗಿಟ್ಟ ಹೆಸರು ಸಿಳ್ಳೆ ಸಾಹೇಬರು. ಸಾಹೇಬರು ಕೇಳುವುದು ಒಂದೇ ಹಾಡು, ಕೊಳ್ಳುವುದು ಆ ಹಾಡಿರುವ ಎಲ್ಲಾ ಸಂಕಲನ, ಬೈಯುವುದು ಮರುದಿನ. ಇಂಥ ಗಿರಾಕಿಯನ್ನು ಯಾವ ವ್ಯಾಪಾರಿ ಬೇಡವೆಂದಾನು?

"ಇದ್ರಲ್ಲೂ ಮೊಟಕು ಹಾಡೇ ಹಾಕಿದ್ದಾರಲ್ರೀ!"

"ಹಾಡು ಪೂರ್ತಿ ಇದೆ ಸಾಹೇಬ್ರೆ. ಹೋಗಿದ್ದು ಬರೀ ಸಿಳ್ಳೆ."

ಆ ಬರೀ ಸಿಳ್ಳೆಯೇ ಸಾಹೇಬರು.

ಹರೆಯದಲ್ಲಿ ಅವರು ರೆಕಾರ್ಡಿಂಗ್ ಸ್ಟುಡಿಯೋದಲ್ಲಿ ವೈರು ಸುತ್ತುತ್ತಿದ್ದರು, ಮೈಕು ಹೊರುತ್ತಿದ್ದರು. ಕೊಳಲಿನವನು ಕೈಕೊಟ್ಟ ದಿನ, ಮೂಲೆಯಲ್ಲಿ ಅದೇ ರಾಗಕ್ಕೆ ಸಿಳ್ಳೆ ಹಾಕುತ್ತಿದ್ದ ಇವರನ್ನು ಎಳೆದು ತಂದು ಮೈಕಿನ ಮುಂದೆ ನಿಲ್ಲಿಸಿದರು. ಆಲ್ಬಮ್ಮಿನ ದೊಡ್ಡ ರೆಕಾರ್ಡಿನಲ್ಲಿ ಹಾಡು ಶುರುವಾಗುವುದೇ ಆ ಸಿಳ್ಳೆಯಿಂದ. ರೇಡಿಯೋಗೆಂದು ಬಿಡಿಯಾಗಿ ತಂದ ಸಣ್ಣ ರೆಕಾರ್ಡಿನಲ್ಲಿ ಮಾತ್ರ ಸಿಳ್ಳೆಗೆ ಕತ್ತರಿ. ಗಾಯಕ ನೇರವಾಗಿ ಬಾಯಿ ತೆರೆಯುತ್ತಾನೆ. ಊರಿಗೆಲ್ಲ ಬಾಯಿಪಾಠವಾದದ್ದು ಸಣ್ಣದೇ. ಸಂಕಲನದವರೂ ಅದನ್ನೇ ಹಾಕುತ್ತಾರೆ. ಒಂದೇ ಬಿಲ್ಲೆಗೆ ಅಷ್ಟೊಂದು ಹಾಡು ತುರುಕುವವನು ದರ್ಜಿಯ ಹಾಗೆ ಅಂಚು ಕತ್ತರಿಸಿ ಜಾಗ ಉಳಿಸಲೇಬೇಕಲ್ಲ.

ದೊಡ್ಡ ರೆಕಾರ್ಡು ಮನೆಯಲ್ಲಿತ್ತು. ಹೆಂಡತಿಯ ತಮ್ಮ ಸಿ.ಡಿ. ಪ್ಲೇಯರು ತಂದುಕೊಟ್ಟ ದಿನವೇ ಹಳೇ ಪ್ಲೇಯರಿನ ಜೊತೆ ಅದನ್ನೂ ಗುಜರಿಗೆ ಹಾಕಿ ಉಪಕಾರ ಮಾಡಿದ. "ಅದೇ ಹಾಡು ಸಿ.ಡಿ.ಲಿ ಸಿಗುತ್ತೆ ಬಿಡಿ ಭಾವ!" ಆಮೇಲೆ ಸಾಹೇಬರ ಮುಂದಿನ ಹಲ್ಲುಗಳೂ ಅದೇ ದಾರಿ ಹಿಡಿದವು. ಕಟ್ಟಿಸಿದ ಹಲ್ಲಿನಲ್ಲಿ ಊಟ ಮಾಡಬಹುದು, ಸಿಳ್ಳೆ ಹಾಕಲಾಗದು. ಅಂದಿನಿಂದ ಸಿಳ್ಳೆಯ ಮಾತೆತ್ತಿದರೆ ಭಾವಮೈದುನನಿಗೆ ಪುಕ್ಕಟೆ ತಮಾಷೆ. ಸಾಹೇಬರಿಗೆ ಉಳಿದದ್ದು ಒಂದೇ ಹಟ: ಒಮ್ಮೆ ಅವನ ಕಿವಿಗೆ ಅದನ್ನು ಹಾಕಿ ಬಾಯಿ ಮುಚ್ಚಿಸಬೇಕು.

ಕೊನೆಗೂ ದೊಡ್ಡ ರೆಕಾರ್ಡಿನ ಹಾಡೇ ಇರುವ ಸಂಕಲನ ಸಿಕ್ಕಿತು. ಭಾನುವಾರ ಭಾವಮೈದುನನನ್ನು ಕರೆಸಿ, ಕೂರಿಸಿ, ಹಾಕಿದರು. ಸಿಳ್ಳೆ ಬಂತು. ತೆಳ್ಳಗೆ, ತುಂಟತನದಿಂದ, ಒಂದು ಕಡೆ ಎಡವಿದಂತೆ ನಟಿಸಿ ಮತ್ತೆ ಮೇಲೆದ್ದಿತು. ಸಾಹೇಬರ ಕಣ್ಣು ತೇವವಾಯಿತು.

"ಚೆನ್ನಾಗಿದೆ. ಯಾರದು?" ಅಂದ ಭಾವಮೈದುನ.

"ಯಾರದು ಅಂದ್ರೆ? ನಂದೇ!"

"ಅದು ನೀವು ಹೇಳೋದು. ಸಿಳ್ಳೆಗೇನು ಮುಖ ಇರುತ್ತಾ ಭಾವ, ಗುರುತು ಹಿಡಿಯೋಕೆ? ಎಲ್ಲಿ, ಈಗೊಂದು ಸಲ ಹಾಕಿ, ತಾಳೆ ನೋಡೋಣ."

ಸಾಹೇಬರು ತುಟಿ ಚೂಪು ಮಾಡಿದರು. ಬಿಸಿ ಚಹಾ ಆರಿಸುವಷ್ಟು ಗಾಳಿ ಬಂತು. ಹೆಂಡತಿಯ ಕಡೆ ತಿರುಗಿದರು.

"ನೀನಾದ್ರೂ ಹೇಳೇ. ಮದುವೆಯಾದ ಹೊಸದ್ರಲ್ಲಿ ಮೆಟ್ಟಿಲು ಹತ್ತುವಾಗ ದಿನಾ ಇದನ್ನೇ ಹಾಕ್ತಿದ್ನಲ್ಲ?"

ಆಕೆ ತಮ್ಮನ ಮುಖ ನೋಡಿದರು. ತಮ್ಮನ ಮುಂದೆ ಆಕೆ ಎಂದೂ ಗಂಡನ ಪಕ್ಷ ವಹಿಸಿದವರಲ್ಲ. "ಯಾವ ಕಾಲದ್ದೋ ಏನೋ. ನಂಗೆಲ್ಲಿ ನೆನಪಿರುತ್ತೆ ರೀ."

"ಅಕ್ಕನೇ ಕೈಯೆತ್ತಿಬಿಟ್ಟಳಲ್ಲ ಭಾವ!" ತಮ್ಮ ನಗುತ್ತಲೇ ಚಪ್ಪಲಿ ಮೆಟ್ಟಿ ಹೊರಟ.

ಸಾಹೇಬರು ಹಲ್ಲು ತೆಗೆದು ಲೋಟದ ನೀರಿಗೆ ಹಾಕಿ ಕೂತರು. ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಸದ್ದು. ಅದರ ನಡುವೆ ಹೆಂಡತಿಯ ಗುನುಗು. ಅದೇ ಸಿಳ್ಳೆಯ ರಾಗ, ಆದರೆ ಕೊನೆಗೆ ಒಂದು ಸುತ್ತು ಹೆಚ್ಚು. ಆ ಸುತ್ತು ಸಣ್ಣ ರೆಕಾರ್ಡಿನಲ್ಲಿಲ್ಲ, ದೊಡ್ಡದರಲ್ಲೂ ಇಲ್ಲ. ಬಂದೆ, ಚಿಲಕ ತೆಗೆ ಎಂದು ಮೆಟ್ಟಿಲ ಮೇಲೆ ಮಾತ್ರ ಹಾಕುತ್ತಿದ್ದದ್ದು ಅದು.

ಸಂಕಲನದ ಬೇರಾವುದೋ ಹಾಡು ಇನ್ನೂ ಓಡುತ್ತಿತ್ತು. ಸಾಹೇಬರು ಎದ್ದುಹೋಗಿ ಅದರ ಸದ್ದು ಜೋರು ಮಾಡಿದರು, ಅಡುಗೆಮನೆಯ ಗುನುಗು ತಮಗೆ ಕೇಳಿಸದಷ್ಟು.