ಸೂರತ್‌ನ ಸರದಿ

ಸೂರತ್ ನಿಲ್ದಾಣದಿಂದ ಟಾಂಗಾ ಹಿಡಿದು ಗಾಲ್ಫ್ ಮೈದಾನಕ್ಕೆ ಬಂದೆವು. ವಡೋದರದಲ್ಲಿ ರೈಲ್ವೆ ಅಧಿಕಾರಿಯಾಗಿರುವ ನನ್ನ ಭಾವ ಗಾಲ್ಫ್ ಸಮಿತಿಯ ಸದಸ್ಯರು. ಪ್ರಾಂತ್ಯದ ದೊಡ್ಡ ಪಂದ್ಯಾವಳಿ ವರ್ಷಕ್ಕೊಂದು ಊರಿನಲ್ಲಿ ನಡೆಯುತ್ತದೆ. ಈ ಸಲ ಸೂರತ್‌ನ ಸರದಿ. ಮೈದಾನ ನೋಡಿ ಒಪ್ಪಿಗೆ ಕೊಡುವುದು ಅವರ ಕೆಲಸ.

ತಾಪಿ ನದಿಯ ನೆರೆ ಆಗಷ್ಟೇ ಇಳಿದಿತ್ತು. ಮನೆ ಕಳೆದುಕೊಂಡ ನೇಕಾರರು ಮೈದಾನದ ದಿಬ್ಬದ ಮೇಲೆ ಗೋಣಿತಟ್ಟಿನ ಗುಡಿಸಲು ಹಾಕಿಕೊಂಡಿದ್ದರು.

“ಪಂದ್ಯ ಆಗಬೇಕಂದ್ರ ಇವರನ್ನ ಎಬ್ಬಿಸಬೇಕಾಗ್ತದಲ್ಲೋ,” ಎಂದು ಭಾವ ನನಗೆ ಮೆಲ್ಲಗೆ ಹೇಳಿದರು.

ಕ್ಲಬ್ಬಿನ ವೃದ್ಧ ಕಾರ್ಯದರ್ಶಿ ದೇಸಾಯಿಯವರಿಗೆ ಕನ್ನಡ ಬಾರದಿದ್ದರೂ ಮಾತು ಅರ್ಥವಾಯಿತು.

“ಈ ಸರದಿಗಾಗಿ ವರ್ಷಗಟ್ಟಲೆ ಕಾದೆ, ಸಾಹೇಬ್. ಇನ್ನೊಮ್ಮೆ ಬರುವಷ್ಟರಲ್ಲಿ ನಾನಿರುವುದಿಲ್ಲ. ಆದರೂ ಇವರಿಗೆ ಏಳಿ ಅನ್ನಲಾರೆ. ಅಹಮದಾಬಾದಿಗೇ ಕೊಟ್ಟುಬಿಡಿ,” ಎಂದು ಹಿಂದಿಯಲ್ಲಿ ಹೇಳಿದರು.

ಭಾವ ಅವರ ಕೈ ಹಿಡಿದುಕೊಂಡು ಆಗಲಿ ಎಂದು ತಲೆಯಾಡಿಸಿದರು.

ಹೊರಡುವ ಮುಂಚೆ ಚೆಂಡು ಬೀಳುವ ಕೊನೆಯ ಗುಳಿಯವರೆಗೆ ಹೋದೆವು. ಇಲ್ಲಿ ಗುಳಿಯ ಸುತ್ತ ಹುಲ್ಲಿಲ್ಲ, ಎಣ್ಣೆ ಬೆರೆಸಿ ನುಣುಪು ಮಾಡಿದ ಮರಳಿದೆ. ಅದರ ಮೇಲೆ ಗುಡಿಸಲಿನ ಯಾರೋ ಹೆಂಗಸು ರಂಗೋಲಿ ಹಾಕಿದ್ದಳು. ದೇಸಾಯಿಯವರು ಒಂದು ಕ್ಷಣ ನಿಂತು ನೋಡಿದರು. ಆಮೇಲೆ ಅದನ್ನು ತುಳಿಯದಂತೆ ಸುತ್ತು ಬಳಸಿ ನಡೆದರು. ನಾವೂ ಅವರ ಹಿಂದೆಯೇ ನಡೆದೆವು.