ಇಸ್ತ್ರಿಯಕ್ಕನ ನಂಬರಿಗೆ ಜೀವ ಬಂದದ್ದು

ಇಸ್ತ್ರಿಯಕ್ಕ ಸುಮ್ಮನೆ ನಿಂತದ್ದನ್ನು ಕಂಡವರಿಲ್ಲ. ನಿಂತೇ ಮಾಡುವ ಕೆಲಸವಾದರೂ ಅವಳ ಕಾಲಿಗೆ ನೆಲ ಹಿಡಿಸುತ್ತಿರಲಿಲ್ಲ. ಕಾಲರಿಗೆ ಇಸ್ತ್ರಿ ಪೆಟ್ಟಿಗೆ ಒತ್ತುವಾಗ ಎಡಗಾಲು ಕುಣಿದರೆ ತೋಳಿಗೆ ಒತ್ತುವಾಗ ಬಲಗಾಲು. ಔಷಧಿ ಅಂಗಡಿಯ ಗೋಡೆಗೆ ಇಳಿಬಿಟ್ಟ ತಗಡಿನ ಮಾಡಿನ ಕೆಳಗೆ ಅವಳ ಮೇಜು. ಗಂಡ ಇದ್ದಾಗ ಇಬ್ಬರೂ ಎದುರುಬದುರು ನಿಂತು ಒತ್ತುತ್ತಿದ್ದರು. ಅವನು ತೀರಿಕೊಂಡ ಮೇಲೆ ಆ ಮೇಜು, ಆ ಕೆಂಡದ ಪೆಟ್ಟಿಗೆ, ಅವನ ತಾಯಿ, ಮೂರೂ ಇವಳ ಪಾಲಿಗೆ ಬಂದವು. ಗೊಣಗದೆ ನೋಡಿಕೊಂಡಳು ಎಂದರೆ ಸುಳ್ಳಾದೀತು. ಗೊಣಗಿಕೊಂಡೇ ನೋಡಿಕೊಂಡಳು, ಆದರೆ ಚೆನ್ನಾಗಿ ನೋಡಿಕೊಂಡಳು.

ಅತ್ತೆಗೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಮೇಜಿನ ಮಗ್ಗುಲಲ್ಲಿ ಮಣೆ ಹಾಕಿಕೊಂಡು ಕೂತು ಬಟ್ಟೆ ತಡವಿ, ಇದು ಮೇಷ್ಟರದು, ಇದು ಬ್ಯಾಂಕಿನವರದು ಎಂದು ಬೇರೆ ಮಾಡಿಡುತ್ತಿದ್ದಳು. ಈಚೆಗೆ ಸೊಸೆಯ ಮುಖವೂ ಅವಳಿಗೆ ಬರೀ ಮಸುಕು. ದೊಡ್ಡಾಸ್ಪತ್ರೆಗೆ ಬೇರೆ ಊರಿನ ಕಣ್ಣಿನ ಡಾಕ್ಟರು ಬರುವವರಿದ್ದರು. ಆಪರೇಷನ್ನಿಗೆ ಹೆಸರು ಬರೆಸಿಯಾಗಿತ್ತು. "ಈ ವಾರದಲ್ಲಿ ಫೋನ್ ಮಾಡ್ತೀವಿ. ಎತ್ತಲಿಲ್ಲ ಅಂದ್ರೆ ಜಾಗ ಮುಂದಿನವರಿಗೆ ಹೋಗುತ್ತೆ" ಎಂದಿದ್ದಳು ಕೌಂಟರಿನವಳು.

ಇಸ್ತ್ರಿಯಕ್ಕನಿಗೆ ಅದೇ ಯೋಚನೆಯಾಯಿತು. ಬೀದಿಯ ಗದ್ದಲದಲ್ಲಿ ಫೋನಿನ ಸದ್ದು ಕೇಳಿಸದೇ ಹೋದರೆ? ಯೋಚಿಸಿ ಯೋಚಿಸಿ ಒಂದು ಉಪಾಯ ಕಂಡುಕೊಂಡಳು. ಮೇಜಿಗೆ ಹಾಸಿದ ಕಂಬಳಿಯ ಮೂಲೆಯಡಿಗೆ ಫೋನನ್ನು ತೂರಿಸಿದಳು. ಕರೆ ಬಂದರೆ ಅದು ಗುರ್ರೆಂದು ನಡುಗುತ್ತದೆ, ನಡುಕ ಅಂಗೈಗೆ ಹತ್ತುತ್ತದೆ, ಕಿವಿಯ ಹಂಗೇ ಬೇಡ.

ಅಂದು ಬೆಳಿಗ್ಗೆ ಗಿರಾಕಿಯೊಬ್ಬ ಪ್ಯಾಂಟು ಹಿಡಿದು ಬಂದು ತಗಾದೆ ತೆಗೆದ. "ಏನಕ್ಕ, ಒಂದು ಕಾಲಿಗೆ ಎರಡೆರಡು ಗೆರೆ ಬಂದಿದೆಯಲ್ಲ?"

"ಒಳ್ಳೇದೇ ಆಯ್ತು ಬಿಡಪ್ಪ. ಒಂದು ಅಳಿಸಿಹೋದ್ರೂ ಇನ್ನೊಂದು ಇರುತ್ತೆ" ಎನ್ನುತ್ತ ಇಸ್ತ್ರಿಯಕ್ಕ ಅವನ ಕಡೆ ತಿರುಗಿದಳು. ತಿರುಗುವಾಗ, ಕೆಂಡ ತುಂಬಿದ ಪೆಟ್ಟಿಗೆಯನ್ನು ಅದರ ಕಲ್ಲಿನ ಮೇಲಿಡುವ ಬದಲು ಕಂಬಳಿಯ ಆ ಮೂಲೆಯ ಮೇಲೆಯೇ ಇಟ್ಟಳು.

ಮೊದಲು ಮೂಗರಳಿಸಿದ್ದು ಅತ್ತೆ. "ಏನೇ ಅದು? ಬಟ್ಟೆ ಸುಟ್ಟ ವಾಸನೆ ಅಲ್ಲ. ಯಾರೋ ಬಕೆಟ್ ಸುಟ್ಟಂಗಿದೆ!"

ಕಂಬಳಿ ಎತ್ತಿ ನೋಡಿದರೆ ಫೋನು ಹಪ್ಪಳದಂತೆ ಉಬ್ಬಿ ಕೂತಿತ್ತು. ಒಳಗಿನ ಸಿಮ್ಮು ಕರಗಿ ಅದರ ಗೂಡಿಗೇ ಅಂಟಿಕೊಂಡಿತ್ತು.

ಇಸ್ತ್ರಿಯಕ್ಕ ಔಷಧಿ ಅಂಗಡಿಗೆ ಓಡಿ, ಅಲ್ಲಿನವರ ಫೋನಿನಿಂದ ಆಸ್ಪತ್ರೆಯವರ ಹತ್ತಿರ ಮಾತಾಡಿದಳು. ಬೇರೆ ನಂಬರು ಬರೆದುಕೊಳ್ಳಿ ಎಂದು ಅಂಗಲಾಚಿದಳು.

"ಬದಲಾಯಿಸಬಹುದಮ್ಮ. ನಿಮ್ಮ ಹಳೇ ನಂಬರಿಗೆ ಒಂದು ಓಟಿಪಿ ಬರುತ್ತೆ, ಅದನ್ನ ಹೇಳಿ."

"ಹಳೇದೇ ಸುಟ್ಟುಹೋಗಿದೆಯಲ್ಲ ತಾಯಿ!"

"ಹಾಗಾದ್ರೆ ಮೊದಲು ಅದನ್ನ ಸರಿಮಾಡಿಸ್ಕೊಳ್ಳಿ" ಎಂದು ಅತ್ತಲಿಂದ ಇಟ್ಟುಬಿಟ್ಟರು.

ಅಲ್ಲಿಂದ ಸಿಮ್ ಅಂಗಡಿಗೆ ದೌಡು. ಅಂಗಡಿಯವನು ನಂಬರು ಒತ್ತಿ ನೋಡಿ ತಲೆ ಕೆರೆದುಕೊಂಡ. "ಹೊಸ ಸಿಮ್ ಕೊಡೋಕೆ ಅಡ್ಡಿಯಿಲ್ಲಕ್ಕ. ಆದರೆ ಈ ನಂಬರು ನಿಮ್ಮ ಹೆಸರಲ್ಲಿಲ್ಲ. ಯಾರ ಹೆಸರಲ್ಲಿದೆಯೋ ಅವರೇ ಬಂದು ಹೆಬ್ಬೆರಳು ಒತ್ತಬೇಕು."

ಯಾರ ಹೆಸರಲ್ಲಿದೆ ಎಂದು ಅವಳಿಗೆ ಆಗ ನೆನಪಾಯಿತು. ನಾದಿನಿಯ ಹೆಸರಲ್ಲಿ. ಹಿಂದೆ ನಂಬರು ತೆಗೆದುಕೊಳ್ಳುವಾಗ ಇಸ್ತ್ರಿಯಕ್ಕನ ಹೆಬ್ಬೆರಳನ್ನು ಮಷಿನ್ನು ಒಪ್ಪಿರಲಿಲ್ಲ. ಕೆಂಡದ ಬಿಸಿಗೆ ಸವೆದು ಅದು ಗೋಲಿಯಂತೆ ನುಣ್ಣಗಾಗಿತ್ತು. "ತಗೋ ಅತ್ತಿಗೆ, ನನ್ನದೇ ಒತ್ತು" ಎಂದು ನಾದಿನಿ ಬೆರಳು ಕೊಟ್ಟಿದ್ದಳು. ಆಗ ಇಬ್ಬರೂ ಒಂದೇ ತಟ್ಟೆಯಲ್ಲಿ ಉಣ್ಣುವಷ್ಟು ಗೆಳತಿಯರು.

ಈಗ ಮುಖ ಕಂಡರೆ ಮುಖ ತಿರುಗಿಸುವ ಕಾಲ. ನಾದಿನಿಯ ಮಗಳ ಮದುವೆಯಲ್ಲಿ ಮದುಮಗನ ಕೋಟಿಗೆ ಇಸ್ತ್ರಿ ಹಾಕಿದ್ದು ಇವಳೇ. ಗಡಿಬಿಡಿಯಲ್ಲಿ ಬೆನ್ನಿಗೆ ಪೆಟ್ಟಿಗೆಯ ಅಚ್ಚು ಮೂಡಿ, ಪಾಪ, ಹುಡುಗ ಮದುವೆ ಮುಗಿಯುವವರೆಗೂ ಗೋಡೆಗೆ ಬೆನ್ನು ಕೊಟ್ಟೇ ನಿಂತಿದ್ದ. ನಾದಿನಿ ನೆರೆದವರೆದುರು ಬಾಯಿ ಮಾಡಿದ್ದಳು: "ನಿನ್ನ ಕೈಗೆ ಸಿಕ್ಕಿದ್ದೆಲ್ಲ ಸುಟ್ಟು ಬೂದಿ. ನಮ್ಮಣ್ಣನ ಬಾಳೂ ಹಾಗೇ ಆಯ್ತು." ಕೋಟಿನ ಮಾತನ್ನು ಇಸ್ತ್ರಿಯಕ್ಕ ನುಂಗಿಕೊಂಡಳು. ಗಂಡನ ಮಾತನ್ನು ನುಂಗಲಾಗಲಿಲ್ಲ. ಅಂದಿನಿಂದ ಮಾತಿಲ್ಲ, ಕತೆಯಿಲ್ಲ. ಈಗ ಸುಟ್ಟ ಫೋನು ಹಿಡಿದುಕೊಂಡು ಅವಳ ಬಾಗಿಲಿಗೇ ಹೋಗಬೇಕು!

ನಾದಿನಿಯದು ಹಿಟ್ಟಿನ ಗಿರಣಿ. ಇಸ್ತ್ರಿಯಕ್ಕ ಅದರ ಮುಂದೆ ಒಮ್ಮೆ ಹಾದುಹೋದಳು, ತಿರುಗಿ ಬಂದಳು, ಮತ್ತೆ ಹಾದುಹೋದಳು. ಅಷ್ಟರಲ್ಲಿ ಆಸ್ಪತ್ರೆಯವರು ನಂಬರು ಒತ್ತುತ್ತಿದ್ದಾರೋ ಏನೋ ಎಂಬ ಯೋಚನೆ ಬಂದದ್ದೇ, ಡಬ್ಬ ಹಿಡಿದು ನಿಂತವರನ್ನೆಲ್ಲ ಸರಿಸಿಕೊಂಡು ಒಳಗೆ ನುಗ್ಗಿದಳು.

ಬೆಲ್ಟಿನ ಸದ್ದಿನಲ್ಲಿ ನಾದಿನಿ ಇವಳನ್ನೂ ಇವಳ ಕೈಯಲ್ಲಿದ್ದುದನ್ನೂ ನೋಡಿದಳು. ಹುಬ್ಬಿನವರೆಗೆ ಹಿಟ್ಟು. "ಈ ಸಲ ಏನು ಸುಟ್ಟೆ?" ಎಂದು ಕೂಗಿದಳು.

"ಫೋನು!" ಇಸ್ತ್ರಿಯಕ್ಕನೂ ಕೂಗಿದಳು. "ಬೈಯೋದನ್ನ ಆಮೇಲೆ ಬೈ. ನಿಮ್ಮಮ್ಮನ ಕಣ್ಣಿನ ಆಪರೇಷನ್ನಿಗೆ ಆಸ್ಪತ್ರೆಯ ಕರೆ ಆ ನಂಬರಿಗೇ ಬರಬೇಕು. ಅದಿರೋದು ನಿನ್ನ ಹೆಸರಲ್ಲಿ, ನಿನ್ನ ಹೆಬ್ಬೆರಳು ಬೇಕು!"

ನಾದಿನಿ ಗಿರಣಿ ನಿಲ್ಲಿಸಿದಳು.

"ನಮ್ಮದು ಅರ್ಧ ಆಗಿದೆಯಲ್ರೀ!" ಎಂದಳು ಸಾಲಿನಲ್ಲಿದ್ದವಳೊಬ್ಬಳು.

"ಇನ್ನರ್ಧ ಬಂದು ಮಾಡ್ತೀನಿ. ಹಿಟ್ಟೇನು ಓಡಿಹೋಗುತ್ತಾ?" ಎಂದ ನಾದಿನಿ, ಅತ್ತಿಗೆಯ ಮುಖ ನೋಡದೆ ಸೇರಿಸಿದಳು: "ಬರ್ತಿರೋದು ನಮ್ಮಮ್ಮನಿಗೋಸ್ಕರ. ನಿನಗೋಸ್ಕರ ಅಲ್ಲ."

"ನನಗೋಸ್ಕರ ಬಾ ಅಂತ ಯಾರು ಕರೆದರು?"

ಸಿಮ್ ಅಂಗಡಿಯ ಮಷಿನ್ನು ನಾದಿನಿಯ ಬೆರಳನ್ನೂ ಒಪ್ಪಲಿಲ್ಲ. ಅಂಗಡಿಯವನು ಗಾಜನ್ನು ಬಟ್ಟೆಯಿಂದ ತಿಕ್ಕಿ, "ನಿಮ್ಮನೇಲಿ ಬೆರಳು ಇಟ್ಕೊಂಡವರು ಯಾರೂ ಇಲ್ವೇನಕ್ಕ? ಒಬ್ಬರದು ಸವೆದಿದೆ, ಇನ್ನೊಬ್ಬರದು ಹಿಟ್ಟಲ್ಲಿ ಹೂತಿದೆ" ಎಂದ. ನಾದಿನಿ ಹೊರಗಿನ ನಲ್ಲಿಯಲ್ಲಿ ಕೈ ತೊಳೆದು ಬಂದು ಒತ್ತಿದಳು. ಮಷಿನ್ನು ಕಿಂಯ್ ಎಂದಿತು.

"ಸಿಗ್ನಲ್ ಬರೋಕೆ ಸ್ವಲ್ಪ ಹೊತ್ತಾಗುತ್ತೆ, ಸಂಜೆಯೂ ಆಗಬಹುದು. ಆಗಾಗ ಆಫ್ ಮಾಡಿ ಆನ್ ಮಾಡಿ. ಮೆಸೇಜು ಇವತ್ತು ಬರಲ್ಲ, ಕರೆ ಬರುತ್ತೆ" ಎಂದ ಅಂಗಡಿಯವನು. "ಯಾವ ಫೋನಿಗೆ ಹಾಕ್ಲಿ?"

ಇಸ್ತ್ರಿಯಕ್ಕನಲ್ಲಿ ಫೋನೆಲ್ಲಿದೆ? ನಾದಿನಿಯ ಫೋನಿನಲ್ಲಿ ಇನ್ನೊಂದು ಸಿಮ್ಮಿಗೆ ಜಾಗವಿತ್ತು. "ಹಾಕು. ಆದರೆ ಫೋನು ನನ್ನ ಕೈಯಲ್ಲೇ ಇರುತ್ತೆ, ಇವಳ ಕೈಗೆ ಕೊಡೋಳಲ್ಲ" ಎಂದಳು ನಾದಿನಿ. ಹಾಗಾಗಿ ಫೋನಿನ ಜೊತೆ ಅವಳೂ ಇಸ್ತ್ರಿ ಮೇಜಿಗೆ ಬರಬೇಕಾಯಿತು.

ಅಲ್ಲಿ ಮುದುಕಿ ಕೇಳಿದಳು: "ಯಾರೇ ಜೊತೆಗೆ? ಹಿಟ್ಟಿನ ವಾಸನೆ ಬರ್ತಿದೆ."

"ನಾನಮ್ಮ."

"ಇಷ್ಟು ದಿನದ ಮೇಲೆ ದಾರಿ ಗೊತ್ತಾಯ್ತೇನೇ!"

ನಾದಿನಿ ಫೋನು ಆಫ್ ಮಾಡಿದಳು, ಆನ್ ಮಾಡಿದಳು. ಸಿಗ್ನಲಿನ ಜಾಗದಲ್ಲಿ ಬರೀ ಕತ್ತರಿ ಗುರುತು. ಇಸ್ತ್ರಿಯಕ್ಕ ಅಂಗಿಗೆ ಪೆಟ್ಟಿಗೆ ಒತ್ತುತ್ತ ಮಾತು ಮಾತಿಗೂ ಕತ್ತು ಚಾಚಿ, "ಬಂತಾ?" ಎನ್ನುವಳು. "ಬಂದ್ರೆ ಹೇಳಲ್ವಾ?" ಎಂದು ನಾದಿನಿ ಸಿಡುಕುವಳು. ಸ್ವಲ್ಪ ಹೊತ್ತಿಗೆ ನಾದಿನಿಯೂ ಬೀದಿಯಲ್ಲಿ ಅತ್ತಿಂದಿತ್ತ ತಿರುಗತೊಡಗಿದಳು. ಫೋನನ್ನು ತಲೆಯ ಮೇಲೆತ್ತಿ ಔಷಧಿ ಅಂಗಡಿಯವರೆಗೆ ಹೋಗುವಳು, ಬರುವಳು.

"ಆವತ್ತು ಅಣ್ಣನ ಮಾತು ಎತ್ತಬಾರದಿತ್ತು" ಎಂದಳು ಒಂದು ಸಲ ತಿರುಗುವಾಗ, ಫೋನಿಗೆ ಹೇಳಿದ ಹಾಗೆ.

ಇಸ್ತ್ರಿಯಕ್ಕನ ಕೈ ನಿಂತಿತು. "ಎತ್ತಬಾರದಿತ್ತು" ಎಂದಳು. ಪೆಟ್ಟಿಗೆಯನ್ನು ನೋಡಿಕೊಂಡು ಕಲ್ಲಿನ ಮೇಲಿಟ್ಟಳು.

ಸಂಜೆ ಬಿಸಿಲು ಗೋಡೆ ಹತ್ತುವ ಹೊತ್ತಿಗೆ ಫೋನಿನಲ್ಲಿ ಕಡ್ಡಿಗಳು ಎದ್ದವು. ನಾದಿನಿ ಕಿರುಚಿದಳು. ಮೊದಲ ಕರೆ ಬೆಳಗಿನ ಪ್ಯಾಂಟಿನವನದು, ಎರಡನೇ ಗೆರೆ ಇನ್ನೂ ಹೋಗಿಲ್ಲವಂತೆ. "ನಿಮ್ಮ ಎರಡನೇ ಗೆರೆಗೆ ಬೆಂಕಿ ಹಾಕ, ಫೋನ್ ಇಡಿ!" ಎಂದು ನಾದಿನಿಯೇ ಗದರಿದಳು. ಎರಡನೆಯದು ಬರುವಷ್ಟರಲ್ಲಿ ಇಬ್ಬರ ಉಗುರೂ ಬಾಯಲ್ಲಿತ್ತು. ಆಸ್ಪತ್ರೆಯದು.

"ಮಧ್ಯಾಹ್ನ ಒಂದು ಸಲ ಮಾಡಿದ್ವಿ, ಸಿಗಲಿಲ್ಲ. ಇದೇ ಕೊನೇದು. ನಾಳೆ ಬೆಳಿಗ್ಗೆ ಕರ್ಕೊಂಡು ಬರ್ತೀರಾ?"

"ಬರ್ತೀವಿ!" ಎಂದರು ಇಬ್ಬರೂ, ಒಂದೇ ಫೋನಿಗೆ ಕೆನ್ನೆ ಕೊಟ್ಟು.

ಮಣೆಯ ಮೇಲಿಂದ ಮುದುಕಿ ಎರಡೂ ಕೈಯಲ್ಲಿ ಕಣ್ಣು ಮುಚ್ಚಿಕೊಂಡಳು. "ನಾನೊಲ್ಲೆ. ಕಣ್ಣಿಗೆ ಕತ್ತರಿ ಹಾಕ್ತಾರಂತೆ. ಕಂಡಷ್ಟು ಕಾಣಲಿ, ನನಗೆ ಸಾಕು."

"ಏನಂದೆ?" ಎಂದಳು ಮಗಳು.

"ಬೆಳಗಿಂದ ನನ್ನ ಕಾಲು ಬಿದ್ದುಹೋಯ್ತು, ಈಗ ಒಲ್ಲೆ ಅಂತೀಯಾ?" ಎಂದಳು ಸೊಸೆ.

ಒಬ್ಬಳು ಈ ಕಿವಿಗೆ, ಒಬ್ಬಳು ಆ ಕಿವಿಗೆ ಶುರುಮಾಡಿದರು. ಔಷಧಿ ಅಂಗಡಿಯವರು ಹೊರಗೆ ಬಂದು ನಿಂತು ನೋಡಿದರು. ಮುದುಕಿ ಕಣ್ಣಿನ ಮೇಲಿದ್ದ ಕೈಯನ್ನು ಕಿವಿಗೆ ಬದಲಾಯಿಸಿಕೊಂಡಳು.

"ನೀವಿಬ್ಬರೂ ಬೇರೆ ಬೇರೆ ಇದ್ದಾಗಲೇ ನೆಮ್ಮದಿಯಾಗಿದ್ದೆ" ಎಂದಳು. ಇಬ್ಬರೂ ಬಾಯಿ ಮುಚ್ಚುವ ಲಕ್ಷಣ ಕಾಣದೆ, "ಆಯ್ತು, ಅರಚಬೇಡಿ! ಎಷ್ಟು ಹೊತ್ತಿಗೆ ಹೊರಡಬೇಕು?" ಎಂದು ಕೈ ಚಾಚಿದಳು, ಎಬ್ಬಿಸಿರೆಂದು.